ಅಮ್ಮನನ್ನು ಕೂರಿಸುವ ಕಾರು

ಕಾರಿನ ಮೂತಿ ಗೋಡೆಯೊಳಗೆ ಹೊಕ್ಕಿತ್ತು. ರೇಡಿಯೊ ಮಾತ್ರ ಇನ್ನೂ ಮಾತಾಡುತ್ತಿತ್ತು.

ನಮ್ಮೂರು ವಾಲ್ಕಾದಲ್ಲಿ ತಾಮ್ರ ಕರಗಿಸುವುದು ನಿಂತು ಎಷ್ಟೋ ಕಾಲವಾಯಿತು. ಕಿಟ್ಟದ ಕಲ್ಲಿನಿಂದ ಕಟ್ಟಿದ ಹಳೇ ಗೋಡೆಯೊಂದು ಹೊಗೆಗೂಡಿನ ಇಳಿಜಾರಿನ ಬುಡದಲ್ಲಿ ಉಳಿದಿದೆ, ಯಾವುದಕ್ಕೂ ಬೇಡವಾಗಿ. ಆ ಶುಕ್ರವಾರ ಬೆಳಿಗ್ಗೆ ಪೇಪರು ಕಂಕುಳಲ್ಲಿ ಸಿಕ್ಕಿಸಿಕೊಂಡು ನಾನು ಅದರ ಹತ್ತಿರ ಬರುವ ಹೊತ್ತಿಗೆ, ಪಕ್ಕದ ಮನೆಯ ಹೆಸ್ಟರ್ ಟ್ರೆಗೆಂಜ ತಮ್ಮ ಬಿಳಿ ಕಾರಿನ ಸ್ಟೀರಿಂಗ್ ಮೇಲೆ ಒರಗಿದ್ದರು. ನಾಡಿ ಹಿಡಿದು ನೋಡಿದೆ. ನೋಡುವ ಅಗತ್ಯವಿರಲಿಲ್ಲ. ಪಕ್ಕದ ಸೀಟಿನಿಂದ ಕೆಳಗೆ ಉರುಳಿದ ಟವಲಿನ ಗಂಟಿನಲ್ಲಿ ಮಾಂಸ, ಆಲೂಗಡ್ಡೆ ತುಂಬಿದ ಪೇಸ್ಟಿಯೊಂದು ಇನ್ನೂ ಬಿಸಿಬಿಸಿಯಾಗಿತ್ತು.

ರೇಡಿಯೊದಿಂದ ಕರಕರ ಸದ್ದಿನ ನಡುವೆ ಹೆಸ್ಟರ್ ಅವರ ಮಗಳು ಡಲ್ಸಿಯ ದನಿ ಬರುತ್ತಿತ್ತು. ಊರಿನ ಬೆಳಗಿನ ಕಾರ್ಯಕ್ರಮ ಅವಳದೇ.

"ಮರ್ವ್ ಪೆನ್ಹೇಲ್ ಗ್ಯಾರೇಜು ಕಣ್ರೀ! ನಮ್ಮಪ್ಪನ ಜೊತೆ ಸ್ಪ್ಯಾನರ್ ಹಿಡ್ಕೊಂಡು ಬೆಳೆದವಳು ನಾನು, ನಂಗೆ ಗೊತ್ತಾಗಲ್ವಾ? ಮರ್ವ್ ಕೈ ಮುಟ್ಟಿದ ಕಾರಾದ್ರೆ ನಮ್ಮಮ್ಮನ್ನೇ ಕೂರಿಸಿ ಕಳಿಸ್ತೀನಿ, ಹಿಂದಕ್ಕೆ ತಿರುಗೂ ನೋಡಲ್ಲ!"

ವರ್ಷಾನುಗಟ್ಟಲೆ ದಿನವೂ ಕೇಳಿದ ಮಾತು. ಆ ದಿನ ಅದನ್ನು ಎಂದಿಗಿಂತ ಹುರುಪಿನಿಂದಲೇ ಹೇಳುತ್ತಿದ್ದಳು. ರೇಡಿಯೊಗೂ ಪೆಟ್ಟಾಗಿ ಹೀಗೆ ಕರಕರ ಎನ್ನುತ್ತಿದೆ ಎಂದುಕೊಂಡು, ಕೀ ತಿರುಗಿಸಿ ಅದರ ಬಾಯಿ ಮುಚ್ಚಿಸಿದೆ.

ಸಾರ್ಜೆಂಟ್ ಫಾಂಟಾನ ಸಂಜೆಯೊಳಗೆ ಕಾರಣ ಕಂಡುಹಿಡಿದ. ಮುಂದಿನ ಚಕ್ರವೊಂದರ ಹಿಂದೆ, ಬ್ರೇಕಿನ ಕೊಳವೆಯಿಂದ ಗಾಳಿ ಹೊರಗೆ ಬಿಡುವ ಸಣ್ಣ ತಿರುಪು ಸಡಿಲವಾಗಿತ್ತು. ಬ್ರೇಕು ತುಳಿದ ಹಾಗೆಲ್ಲ ಎಣ್ಣೆ ಹೊರಗೆ ಹೋಗಿದೆ. ಹಳೇ ಕಾಲದ ಕಾರು, ನಾಲ್ಕು ಚಕ್ರಕ್ಕೂ ಒಂದೇ ಕೊಳವೆ. ಇಳಿಜಾರಿನಲ್ಲಿ ಹೆಸ್ಟರ್ ತುಳಿದಾಗ ಕಾಲಿಗೆ ಸಿಕ್ಕಿದ್ದು ಬರೀ ಗಾಳಿ. ಹಿಂದಿನ ದಿನ ಆ ಬ್ರೇಕು ರಿಪೇರಿ ಮಾಡಿ, ಆ ತಿರುಪು ಬಿಚ್ಚಿ ಬಿಗಿದು, ಸಂಜೆ ಕಾರು ತಂದುಬಿಟ್ಟವನು ಮರ್ವ್ ಪೆನ್ಹೇಲ್. ಲೆಕ್ಕ ಅಷ್ಟು ಸುಲಭ.

ಸೋಮವಾರ ಡಲ್ಸಿ ಮತ್ತೆ ಮೈಕಿನ ಮುಂದೆ ಕೂತಳು. ಇಡೀ ಊರು ಒಲೆ ಆರಿಸಿ ಕೇಳಿತು.

"ಇವತ್ತಿಂದ ಈ ಬಾಯಲ್ಲಿ ಮರ್ವ್ ಪೆನ್ಹೇಲ್ ಹೆಸರು ಬರಲ್ಲ. ನನ್ನ ಶಿಫಾರಸು ವಾಪಸ್ ತಗೋತಿದೀನಿ. ಆ ವಾರವೆಲ್ಲ ನಾನು ಅಮ್ಮನ ಮನೆ ಕಡೆ ಹೋಗಿರ್ಲಿಲ್ಲ, ಆ ಕಾರನ್ನ ಕಣ್ಣಲ್ಲೂ ನೋಡಿರ್ಲಿಲ್ಲ. ಯಾಕ್ ನೋಡ್ಬೇಕು? ಮರ್ವ್ ಇದಾನಲ್ಲ ಅಂತ ನಂಬಿದ್ದೆ." ಆಮೇಲೆ ಅವಳು ಅತ್ತಳು. ಡಲ್ಸಿಯ ಅಳು ಕೂಡ ಕೇಳಲು ಹಿತವಾಗಿರುತ್ತಿತ್ತು.

ಮಧ್ಯಾಹ್ನದೊಳಗೆ ಮರ್ವ್‌ನ ಅಂಗಳ ಖಾಲಿ. ಅರ್ಧ ಬಿಚ್ಚಿದ ಕಾರುಗಳನ್ನೂ ಜನ ಹಗ್ಗ ಕಟ್ಟಿ ಎಳೆದುಕೊಂಡು ಹೋದರು. ಯಾರೋ ಕಿಟಕಿ ಒಡೆದರು. ಇನ್ಯಾರೋ ಮಕ್ಕಳ ಆಟದ ಬಿಳಿ ಕಾರೊಂದನ್ನು ಕಾಲಲ್ಲಿ ಹೊಸಕಿ ಗೇಟಿಗೆ ನೇತುಹಾಕಿದರು. ಕಲಾಭಿರುಚಿ ನಮ್ಮೂರಲ್ಲಿ ಇಲ್ಲ ಎನ್ನುವಂತಿಲ್ಲ.

ಮಂಗಳವಾರ ಮರ್ವ್ ನಮ್ಮ ಹಿತ್ತಲ ಬಾಗಿಲು ತಟ್ಟಿದ. ಅವನು ಬಂದದ್ದು ನನ್ನನ್ನು ನೋಡಲು ಅಲ್ಲ. ಶಾಲೆಯಿಂದ ನಿವೃತ್ತನಾದ ಮೇಲೆ ಮನೆಯ ಹಿಂದಿನ ಎರಡು ಕೋಣೆಗಳನ್ನು ನಾನು ತಿರ್ಜಾ ನೀಬೋನ್‌ಗೆ ಬಾಡಿಗೆಗೆ ಕೊಟ್ಟಿದ್ದೇನೆ. ತಮ್ಮ ಅಂಗಡಿಗೆ ತಾವೇ ಬೆಂಕಿ ಇಟ್ಟುಕೊಂಡು ವಿಮೆ ಕೇಳುವವರನ್ನು ಹಿಡಿಯುವುದು ಅಡಿಲೇಡಿನಲ್ಲಿ ಅವಳ ಜೀವಮಾನದ ಕೆಲಸವಾಗಿತ್ತು. ಊರಲ್ಲಿ ಏನು ಕಳೆದರೂ, ಯಾರು ಸತ್ತರೂ ಜನ ಪೊಲೀಸರಿಗಿಂತ ಮೊದಲು ಅವಳ ಹತ್ತಿರ ಬರುತ್ತಾರೆ. ಅವಳು ಉಪ್ಪಿನಕಾಯಿಗೆ ಈರುಳ್ಳಿ ಸುಲಿಯುತ್ತಿದ್ದಳು. ಕಣ್ಣಲ್ಲಿ ನೀರಿದ್ದದ್ದು ಅದಕ್ಕೆ, ಮರ್ವ್‌ಗಾಗಿ ಅಲ್ಲ.

"ಕೂತ್ಕೊಳಯ್ಯ. ಕುರ್ಚಿ ಗಟ್ಟಿ ಇದೆ," ಎಂದಳು.

ಎಮ್ಮೆಯಂಥ ದೊಡ್ಡ ದೇಹದ ಮನುಷ್ಯ ಕುರ್ಚಿಯ ತುದಿಯಲ್ಲಿ ಕೂತ. "ಅಮ್ಮಾವ್ರೇ, ನಾನು ಆ ತಿರುಪು ಬಿಗಿ ಮಾಡಿದ್ದೆ."

"ಸರಿ."

"ಮಾಡಿದ್ದೆ... ಅನ್ಸುತ್ತೆ. ಶನಿವಾರದವರೆಗೂ ಚೆನ್ನಾಗಿ ಗೊತ್ತಿತ್ತು. ಈಗ ಕಣ್ಣು ಮುಚ್ಚಿದ್ರೆ ಸಡಿಲ ಬಿಟ್ಟಿದ್ದೇ ಕಾಣುತ್ತೆ. ಎಲ್ರೂ ಅದನ್ನೇ ಹೇಳಿ ಹೇಳಿ, ನನ್ನ ಕೈಗಳೂ ಅವರ ಕಡೆ ಸೇರ್ಕೊಂಡ್ಬಿಟ್ಟಿವೆ." ಅವನು ಕೈಗಳನ್ನು ಮೊಣಕಾಲ ನಡುವೆ ಅಡಗಿಸಿಕೊಂಡ. "ಗುರುವಾರ ಮಣ್ಣಾಗ್ಲಿ, ಆಮೇಲೆ ಬಂದು ಕರ್ಕೊಂಡು ಹೋಗ್ತೀನಿ ಅಂದಿದಾನೆ ಫಾಂಟಾನ. ಕರ್ಕೊಂಡು ಹೋಗ್ಲಿ. ಹೆಸ್ಟರ್ ಅಮ್ಮನ್ನ ಕೊಂದಿದ್ದು ಈ ಕೈಯೋ ಅಲ್ವೋ, ಅದೊಂದು ಹೇಳ್ಬಿಡಿ."

"ಕಾರು ಎಲ್ಲಿ ಬಿಟ್ಟೆ?"

"ಮನೆ ಮುಂದೆ, ಪೆಪ್ಪರ್ ಮರದ ಕೆಳಗೆ. ಕೀ ಮುಂದಿನ ಟೈರ್ ಮೇಲೆ. ಎಲ್ರಿಗೂ ಹಾಗೇ ಬಿಡೋದಲ್ವಾ?"

"ರೇಡಿಯೊ?"

ಮರ್ವ್ ಕೆಂಪಾದ. ನನಗೆ ಅಂಥ ಹೊತ್ತಿನಲ್ಲೂ ನಗು ಬಂತು. ರಿಪೇರಿಯಾದ ಕಾರನ್ನು ಓಡಿಸಿ ನೋಡುವಾಗ ಮರ್ವ್ ರೇಡಿಯೊವನ್ನು ಕುದುರೆ ರೇಸಿಗೆ ತಿರುಗಿಸುತ್ತಿದ್ದ, ಮತ್ತೆ ಸರಿಮಾಡುವುದು ಅವನಿಗೆ ಎಂದೂ ನೆನಪಾಗುತ್ತಿರಲಿಲ್ಲ. ಅವನ ಗ್ಯಾರೇಜಿನಿಂದ ಬಂದ ಪ್ರತಿ ಕಾರೂ ಕೀ ಹಾಕಿದ ಕೂಡಲೇ ಕುದುರೆಗಳ ಹೆಸರು ಕೂಗಿಕೊಳ್ಳುವುದು ಊರಿಗೇ ಗೊತ್ತು. ಡಲ್ಸಿ ದಿನವೂ ಹೊಗಳುತ್ತಿದ್ದ ಮನುಷ್ಯ ಡಲ್ಸಿಯನ್ನು ಒಂದು ದಿನವೂ ಕೇಳಿದವನಲ್ಲ.

"ಕುದುರೇನೇ," ಎಂದ ಮರ್ವ್. "ಡಲ್ಸಿಗೆ ಹೇಳ್ಬೇಡಿ."

ಅವನು ಹೋದ ಮೇಲೆ ತಿರ್ಜಾ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. "ಮೇಷ್ಟ್ರೇ, ಶುಕ್ರವಾರ ಬೆಳಿಗ್ಗೆ ನೀವು ಪೇಪರಿಗೆ ಹೊರಟಾಗ ಕಾರು ಮರದ ಕೆಳಗೆ ಇತ್ತಾ?"

"ಇರ್ಲಿಲ್ಲ. ಹಿಂದಿನ ಶೆಡ್ಡಿನ ಬಾಗಿಲು ತೆರೆದಿತ್ತು, ಒಳಗಿತ್ತು. ಹೆಸ್ಟರ್ ಹಾಕಿರ್ಬೇಕು ಅಂದ್ಕೊಂಡೆ."

"ಆ ಶೆಡ್ಡಿಗಾ? ಅವರು ಚರ್ಚಿನ ಮುಂದಿನ ಮೈದಾನದಲ್ಲೇ ಕಾರು ನಿಲ್ಲಿಸೋಕೆ ಜಾಗ ಸಾಲದು ಅಂತಿದ್ದವರು."

ಸಾವಿನ ಹಿಂದಿನ ದಿನ, ಗುರುವಾರ ಸಂಜೆ, ನಾವಿಬ್ಬರೂ, ನಮ್ಮ ಬೀದಿಯ ಬಹುಪಾಲು ಜನರೂ, ಚರ್ಚಿನಲ್ಲಿ ಹಾಡಿನ ಅಭ್ಯಾಸಕ್ಕೆ ಹೋಗಿದ್ದೆವು. ಯಾರು ಬಂದರು, ಹೋದರು ಎಂದು ನೋಡಿದವರಿಲ್ಲ. ಈಗ ಆ ಶೆಡ್ಡಿಗೆ ಹೋಗಿ ನೋಡಿದೆವು. ಗೋಡೆಯ ತುಂಬ ಹೆಸ್ಟರ್ ಅವರ ಗಂಡನ ಕಾಲದ ಸ್ಪ್ಯಾನರುಗಳು. ನೆಲದ ಹಸಿರು ಬಣ್ಣ ಒಂದು ಕಡೆ ಅಂಗೈಯಗಲ ಕಿತ್ತು ಗುಳ್ಳೆ ಎದ್ದಿತ್ತು. ಬ್ರೇಕ್ ಎಣ್ಣೆ ಬಣ್ಣ ತಿನ್ನುತ್ತದೆ.

ಅದನ್ನು ಹೇಳಿದಾಗ ಫಾಂಟಾನ ನಕ್ಕ. "ಮರ್ವ್ ಸಡಿಲ ಬಿಟ್ಟಿದ್ರೂ ಅಲ್ಲೇ ತೊಟ್ಟಿಕ್ಕುತ್ತೆ, ತಿರ್ಜಾ. ಬೇರೆ ಏನಾದ್ರೂ ಇದ್ರೆ ತಗೊಂಬಾ."

"ಕಾರು ತೋರ್ಸು. ಪೇಸ್ಟೀನೂ ತೋರ್ಸು."

ಪೇಸ್ಟಿ ಠಾಣೆಯ ಫ್ರಿಜ್ಜಿನಲ್ಲಿತ್ತು, ಕಾನ್‌ಸ್ಟೇಬಲ್ ತಿಂದಿರಲಿಲ್ಲ ಎನ್ನುವುದೇ ಪುಣ್ಯ. ಅದರ ಒಂದು ಮೂಲೆಯಲ್ಲಿ ಹಿಟ್ಟಿನಿಂದಲೇ ಎರಡು ಅಕ್ಷರ: ಎಂ, ಪಿ. ಗಣಿಯಲ್ಲಿ ಯಾರ ಬುತ್ತಿ ಯಾರದು ಎಂದು ತಿಳಿಯಲು ನಮ್ಮ ಅಜ್ಜಿಯರು ಹಾಗೆ ಗುರುತು ಮಾಡುತ್ತಿದ್ದರು, ಹೆಸ್ಟರ್ ಇನ್ನೂ ಬಿಟ್ಟಿರಲಿಲ್ಲ.

"ಮರ್ವ್ ಪೆನ್ಹೇಲ್," ಎಂದೆ. "ಬ್ರೇಕು ಮಾಡಿಕೊಟ್ಟಿದ್ದಕ್ಕೆ ತಗೊಂಡು ಹೊರಟಿದ್ರು, ಪಾಪ."

"ಹೆಸ್ಟರ್ ಪೇಸ್ಟಿ ಮಾಡೋದು ಯಾವತ್ತು?" ಎಂದಳು ತಿರ್ಜಾ.

"ಶನಿವಾರ. ಶುಕ್ರವಾರ ಮನೆ ಗುಡಿಸಿ ಒರೆಸೋ ದಿನ, ಹೊಸಿಲು ದಾಟಲ್ಲ. ಅದು ಅವರ ಎರಡನೇ ಧರ್ಮ."

ಠಾಣೆಯ ಅಂಗಳದಲ್ಲಿದ್ದ ಜಜ್ಜಿಹೋದ ಕಾರಿನ ಬಾಗಿಲಿಂದ ತಿರ್ಜಾ ಕೈ ತೂರಿಸಿ ಕೀ ತಿರುಗಿಸಿದಳು. ಪುಟ್ಟ ಗಾಜಿನಲ್ಲಿ ನೂರಾಮೂರು ಎಂಬ ಅಂಕಿ ಬೆಳಗಿತು. ಮಗಳ ದನಿ ಕೇಳಲೆಂದೇ ಹೆಸ್ಟರ್ ಆ ಹಳೇ ಕಾರಿಗೆ ಹಾಕಿಸಿದ್ದ ಹೊಸ ರೇಡಿಯೊ ಅದು. ಮತ್ತೆ ಅದೇ ಕರಕರ, ಅದರ ಹಿಂದೆ ಯಾರದೋ ಹಾಡು.

"ಮರ್ವ್ ಕುದುರೆ ಓಡಿಸಿದ ಮೇಲೆ ಇದನ್ನ ಸರಿಮಾಡ್ತಿದ್ದದ್ದು ಯಾರು?"

"ನಾನೇ. 'ಮೇಷ್ಟ್ರೇ, ನನ್ನ ಕಾರಲ್ಲಿ ಮತ್ತೆ ಕುದುರೆ ನುಗ್ಗಿವೆ ಕಣ್ರೀ' ಅಂತ ಬೇಲಿ ಹತ್ರ ಬಂದು ಕೂಗೋರು. ಆ ಗುಂಡಿಗಳನ್ನ ಮುಟ್ಟೋಕೂ ಅವರಿಗೆ ಭಯ. ಈ ಸಲ ಕೂಗ್ಲಿಲ್ಲ."

ತಿರ್ಜಾ ಆ ಅಂಕಿಯನ್ನು ಫಾಂಟಾನನಿಗೆ ತೋರಿಸಿ, ಕಾರಿಗೆ ಬೀಗ ಹಾಕಿಸಿದಳು.

ರೇಡಿಯೊ ಸ್ಟೇಷನ್ನಿನ ಮ್ಯಾನೇಜರ್ ನೈಜೆಲ್ ಸ್ಯಾಂಡೊ ನಮ್ಮನ್ನು ಕಂಡು ಸಂತೋಷಪಡಲಿಲ್ಲ. ಅವನ ಕೋಣೆಯಲ್ಲಿ ಡ್ಯಾರಿಲ್ ಓಟ್ಸ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಒಂದು ಕಾಲದಲ್ಲಿ ಮರ್ವ್‌ನ ಕೆಲಸಗಾರ. ಹಳೇ ಬಿಡಿಭಾಗ ಹಾಕಿ ಹೊಸದೆಂದು ಹೇಳಿದ್ದಕ್ಕೆ ಮರ್ವ್ ಅವನನ್ನು ಹೊರದಬ್ಬಿದ್ದ. ಈಗ ಅಡಿಲೇಡಿನ ದೊಡ್ಡ ಕಂಪನಿಯೊಂದು ನಮ್ಮೂರಲ್ಲಿ ತೆರೆಯಲಿದ್ದ ಗ್ಯಾರೇಜಿಗೆ ಅವನೇ ಯಜಮಾನ.

"ಮುಂದಿನ ಸೋಮವಾರದಿಂದ ಡಲ್ಸಿ ನಮ್ಮ ಹೆಸರು ಹೇಳ್ತಾಳೆ," ಎಂದ ಡ್ಯಾರಿಲ್. "ಮರ್ವ್‌ಗೆ ತಿರುಪು ಬಿಗಿ ಮಾಡೋದು ಹೇಗೆ ಅಂತ ಹೇಳಿಕೊಡೋಕೂ ನಾವು ರೆಡಿ."

"ಬಾಯಿ ಮುಚ್ಚು ಡ್ಯಾರಿಲ್," ಎಂದ ನೈಜೆಲ್. "ನೋಡಿ ತಿರ್ಜಾ, ಒಪ್ಪಂದ ಸಾವಿಗೆ ಮುಂಚೇನೇ ಆಗಿತ್ತು. ಮರ್ವ್‌ನ ಬಿಡೋದು ಹೇಗೆ ಅಂತ ತಲೆ ಕೆಡಿಸ್ಕೊಂಡಿದ್ವಿ. ಸುಮ್ನೆ ಬಿಟ್ಟಿದ್ರೆ ಊರು ನಮ್ಮ ಮುಖಕ್ಕೆ ಉಗೀತಿತ್ತು."

"ಆಮೇಲೆ ದೇವರು ದಾರಿ ತೋರಿಸಿದ. ಯಾರ್‍ಯಾರಿಗೆ ಗೊತ್ತಿತ್ತು ಇದು?"

"ನಾವಿಬ್ರು, ಡಲ್ಸಿ. ಅಷ್ಟೇ."

"ಹೋದ ಗುರುವಾರ ಸಂಜೆ ಎಲ್ಲಿದ್ರಿ?"

ನೈಜೆಲ್ ಹಾಡಿನ ಅಭ್ಯಾಸದಲ್ಲಿದ್ದ. ಅವನ ಅಪಸ್ವರಕ್ಕೆ ನಾನೇ ಸಾಕ್ಷಿ. ಡ್ಯಾರಿಲ್ ಊರ ನಡುವಿನ ತನ್ನ ಮನೆಯಲ್ಲಿ ಒಬ್ಬನೇ ಇದ್ದನಂತೆ. ಹೇಳುವಾಗ ಅವನ ಕಾಲು ಕೆಳಗಿಳಿಯಿತು.

ಹೊರಡುವಾಗ ತಿರ್ಜಾ ಗುಡ್ಡದ ತುದಿಯ ರೇಡಿಯೊ ಕಂಬದ ಕಡೆ ಬೆರಳು ತೋರಿಸಿ ನೈಜೆಲ್‌ನನ್ನು ಕೇಳಿದಳು. "ಅದು ಯಾಕೆ?"

"ಡಲ್ಸಿ ಗುಡ್ಡದಾಚೆ ಮನೆ ಕಟ್ಟಿಸ್ಕೊಂಡ್ಳಲ್ಲ, ಅಲ್ಲಿಗೆ ನಮ್ಮ ಸ್ಟೇಷನ್ ಬರ್ತಿರ್ಲಿಲ್ಲ. ತನ್ನ ದನಿ ತನಗೇ ಕೇಳ್ಸಲ್ಲ ಅಂತ ಕೂಗಾಡಿದ್ಳು. ಆಚೆ ಬದಿಗೆ ನೂರಾಮೂರು, ಊರೊಳಗೆ ಎಲ್ರಿಗೂ ತೊಂಬತ್ತೆರಡು. ಆ ಕಂಬ ಕೇಳೋರು ಡಲ್ಸಿ, ಆಮೇಲೆ ಒಂದಷ್ಟು ಕುರಿ."

ಮನೆಗೆ ಬರುವ ದಾರಿಯಲ್ಲಿ ನಾನು ಡ್ಯಾರಿಲ್‌ನನ್ನು ಮನಸ್ಸಿನಲ್ಲೇ ಎರಡು ಸಲ ಗಲ್ಲಿಗೇರಿಸಿದೆ. ತಿರ್ಜಾ ಮತ್ತೆ ಈರುಳ್ಳಿಗೆ ಕೂತಳು.

ಗುರುವಾರ ಹೆಸ್ಟರ್ ಅವರನ್ನು ಗಂಡನ ಪಕ್ಕದಲ್ಲಿ ಮಣ್ಣು ಮಾಡಿ, ಎಲ್ಲರೂ ಚರ್ಚಿನ ಹಿಂದಿನ ಕೋಣೆಯಲ್ಲಿ ಚಹಾಕ್ಕೆ ಸೇರಿದೆವು. ಡಲ್ಸಿ ಕಪ್ಪು ಉಡುಪಿನಲ್ಲಿ, ಬಂದವರ ಕೈಗಳನ್ನೆಲ್ಲ ತನ್ನ ಎರಡೂ ಕೈಯಲ್ಲಿ ಹಿಡಿದು ಮಾತಾಡಿಸುತ್ತಿದ್ದಳು. ಮರ್ವ್ ಹೊರಗೆ ನೀರಿನ ಟ್ಯಾಂಕಿನ ಬಳಿ ಒಬ್ಬನೇ ನಿಂತಿದ್ದ. ತಿರ್ಜಾ ಅವನ ತೋಳು ಹಿಡಿದು ಒಳಗೆ ಕರೆತಂದಳು. ಬಟ್ಟಲುಗಳ ಸದ್ದು ನಿಂತಿತು.

"ಇವನನ್ನ ಇಲ್ಲಿಗೆ ಯಾಕೆ ಕರ್ಕೊಂಡು ಬಂದ್ರಿ?" ಎಂದಳು ಡಲ್ಸಿ.

"ಇವನನ್ನ ಕರ್ಕೊಂಡು ಹೋಗೋಕೆ ಫಾಂಟಾನ ಹೊರಗೆ ಹುಡುಕಾಡೋದು ತಪ್ಲಿ ಅಂತ. ಎಲ್ರೂ ಕೂತ್ಕೊಳ್ಳಿ. ಚಹಾ ಕುಡೀರಿ, ಆರುತ್ತೆ."

ತಿರ್ಜಾ ನಿಂತೇ ಮಾತಾಡಿದಳು, ಬೆಲೆಪಟ್ಟಿ ಓದುವವರ ದನಿಯಲ್ಲಿ.

"ಮರ್ವ್ ಹೋದ ಗುರುವಾರ ಸಂಜೆ ಕಾರನ್ನ ಬೀದೀಲಿ ಬಿಟ್ಟ. ರೇಡಿಯೊ ಕುದುರೆ ಮೇಲಿತ್ತು. ಬೆಳಿಗ್ಗೆ ಕಾರು ಶೆಡ್ಡಿನಲ್ಲಿತ್ತು. ಹೆಸ್ಟರ್ ಕಿರಿದಾದ ಆ ಶೆಡ್ಡಿಗೆ ಕಾರು ನುಗ್ಗಿಸೋರಲ್ಲ. ಅಂದ್ರೆ ಬೇರೆ ಯಾರೋ ಒಳಗೆ ಹಾಕಿದಾರೆ. ಅಲ್ಲಿ ಬೀದಿ ಕಣ್ಣಿಲ್ಲ, ಸ್ಪ್ಯಾನರ್ ಗೋಡೆ ಮೇಲೇ ಇದೆ. ಕಾರು ಕದಲಿಸ್ಬೇಕಾದ್ರೆ ಕೀ ತಿರುಗಿಸ್ಬೇಕು. ಕೀ ತಿರುಗಿಸಿದ ಕೂಡ್ಲೇ ಕುದುರೆಗಳು ಕಿರುಚಿರ್ತವೆ. ಬೇರೆ ಯಾರಾದ್ರೂ ಆಗಿದ್ರೆ ರೇಡಿಯೊ ಆರಿಸ್ತಿದ್ರು. ಇವರು ಸ್ಟೇಷನ್ ಬದಲಾಯಿಸಿದ್ರು. ಯೋಚನೆ ಮಾಡಿ ಅಲ್ಲ, ಅಭ್ಯಾಸದಿಂದ."

"ಡಲ್ಸಿ ಕಾರ್ಯಕ್ರಮ ಎಲ್ರೂ ಕೇಳ್ತೀವಿ," ಎಂದ ನೈಜೆಲ್.

"ಕೇಳ್ತೀವಿ, ತೊಂಬತ್ತೆರಡರಲ್ಲಿ. ನೀನು, ಡ್ಯಾರಿಲ್, ಮೇಷ್ಟ್ರು, ನಾನು. ಹೆಸ್ಟರ್ ಕಾರಿನಲ್ಲಿ ಇದ್ದದ್ದು ನೂರಾಮೂರು. ಊರೊಳಗೆ ಅದು ಬರೀ ಕರಕರ ಅನ್ನುತ್ತೆ. ಮೇಷ್ಟ್ರು ರೇಡಿಯೊಗೆ ಪೆಟ್ಟಾಗಿದೆ ಅಂದ್ಕೊಂಡ್ರು. ಅದಕ್ಕೆ ಏನೂ ಆಗಿರ್ಲಿಲ್ಲ. ಊರಿನ ಯಾವ ಬೆರಳೂ ಆ ಅಂಕಿಗೆ ಹೋಗಲ್ಲ. ಗುಡ್ಡದಾಚೆ ಮನೆ ಇರೋ ಬೆರಳು ಮಾತ್ರ ಹೋಗುತ್ತೆ."

ಯಾರೂ ಡಲ್ಸಿಯ ಕಡೆ ನೋಡಲಿಲ್ಲ. ನೋಡದೇ ಇರಲು ಎಲ್ಲರೂ ಪಡುತ್ತಿದ್ದ ಕಷ್ಟ ಎದ್ದು ಕಾಣುತ್ತಿತ್ತು.

"ಆ ಕಾರನ್ನ ಕಣ್ಣಲ್ಲೂ ನೋಡಿಲ್ಲ ಅಂತ ನೀನು ಊರಿಗೆಲ್ಲ ಹೇಳ್ದೆ, ಡಲ್ಸಿ," ಎಂದಳು ತಿರ್ಜಾ. "ಅಮ್ಮನ ಮನೆ ಕಡೆ ಹೋಗೇ ಇಲ್ಲ ಅಂದೆ. ಹಾಗಾದ್ರೆ ಶುಕ್ರವಾರ ಹೊಸಿಲು ದಾಟದ ಹೆಂಗಸು, ಬೆಳಕು ಹರಿಯೋ ಮುಂಚೆ ಎದ್ದು, ಶನಿವಾರದ ಪೇಸ್ಟೀನ ಮರ್ವ್ ಹೆಸರಿನ ಗುರುತು ಹಾಕಿ ಬೇಯಿಸಿದ್ದು ಯಾಕೆ? ಬ್ರೇಕಿಗೆ ಥ್ಯಾಂಕ್ಸ್ ಹೇಳೋದಾಗಿದ್ರೆ ಒಂದು ದಿನ ಕಾಯಬಹುದಿತ್ತು. ಕಾಯೋಕಾಗದ್ದು ಏನೋ ಅವರಿಗೆ ಹಿಂದಿನ ಸಂಜೆ ಗೊತ್ತಾಗಿತ್ತು. ಮರ್ವ್‌ನ ನೀವು ಬಿಡ್ತೀರಿ ಅನ್ನೋದು. ಗೊತ್ತಿದ್ದ ಮೂವರಲ್ಲಿ ನೈಜೆಲ್ ನಮ್ಮ ಜೊತೆ ಹಾಡ್ತಿದ್ದ. ಡ್ಯಾರಿಲ್‌ನ ಹೆಸ್ಟರ್ ಗೇಟಿನೊಳಗೆ ಬಿಟ್ಕೋತಿರ್ಲಿಲ್ಲ."

ಡ್ಯಾರಿಲ್ ಜೀವನದಲ್ಲಿ ಮೊದಲ ಸಲ ಅವಮಾನವಾದದ್ದಕ್ಕೆ ನೆಮ್ಮದಿಯ ಉಸಿರುಬಿಟ್ಟ.

"ನನ್ನಮ್ಮನ್ನ ನಾನೇ ಕೊಂದೆ ಅಂತೀರಾ? ನಿಮಗೆ ನಾಚಿಕೆ ಆಗಲ್ವಾ?" ಡಲ್ಸಿಯ ದನಿ ಇನ್ನೂ ಹಿತವಾಗಿಯೇ ಇತ್ತು.

"ಕೊಲ್ಲೋಕೆ ಅಂತ ಮಾಡ್ಲಿಲ್ಲ ನೀನು. ಅಷ್ಟು ಧೈರ್ಯ ನಿನಗಿಲ್ಲ. ಮರ್ವ್‌ನ ಬಿಡೋಕೆ ಜನ ಒಪ್ಪೋವಂಥ ಕಾರಣ ಬೇಕಿತ್ತು. ಶುಕ್ರವಾರ ಬೆಳಿಗ್ಗೆ ಅವನನ್ನ ಇನ್ನಿಲ್ಲದ ಹಾಗೆ ಹೊಗಳಿ, ಮಧ್ಯಾಹ್ನ ನೀನೇ ಆ ಕಾರು ತಗೊಂಡು ಯಾವುದೋ ಬೇಲಿಗೆ ಮೆತ್ತಗೆ ಗುದ್ದಿ..."

"ಅವಳು ಶುಕ್ರವಾರ ಕಾರು ತೆಗೀತಾನೇ ಇರ್ಲಿಲ್ಲ!" ಡಲ್ಸಿ ಕಿರುಚಿದಳು. ಆ ಕಿರುಚಾಟದಲ್ಲಿ ರೇಡಿಯೊದ ಹಿತ ಯಾವುದೂ ಇರಲಿಲ್ಲ. "ಇಡೀ ಜನ್ಮದಲ್ಲಿ ಒಂದು ಶುಕ್ರವಾರವೂ ತೆಗೆದಿಲ್ಲ! ಮನೇಲಿರೇ ಅಂತ ಹೇಳಿ ಬಂದಿದ್ದೆ. 'ಪಾಪ ಮರ್ವ್‌ಗೆ ಯಾರು ಹೇಳ್ತಾರೆ, ಯಾರು ಹೇಳ್ತಾರೆ' ಅಂತ ಅದನ್ನೇ ಗೊಣಗ್ತಿದ್ಳು, ಮುದುಕಿ..."

ಅಲ್ಲಿಗೆ ನಿಲ್ಲಿಸಿದಳು. ತಡವಾಗಿತ್ತು. ಫಾಂಟಾನ ತನ್ನ ಚಹಾದ ಬಟ್ಟಲನ್ನು ಎಚ್ಚರಿಕೆಯಿಂದ ಕೆಳಗಿಟ್ಟ.

"ಹೇಳೋಕೆ ಅವರೇ ಹೊರಟ್ರು," ಎಂದಳು ತಿರ್ಜಾ. "ನಿನ್ನ ಪರವಾಗಿ ಕ್ಷಮೆ ಕೇಳೋಕೆ. ಕಾರು ನೀನು ಹಾಳು ಮಾಡಿದೆ, ಅವರನ್ನ ಅದರಲ್ಲಿ ಕೂರಿಸಿದ್ದೂ ನಿನ್ನ ಮಾತೇ. ದಾರಿಯುದ್ದಕ್ಕೂ ನಿನ್ನ ದನಿ ಕೇಳ್ಕೊಂಡು ಹೋಗಿದಾರೆ. ಸರಿಯಾಗಿ ಕೇಳಿಸ್ತಿರ್ಲಿಲ್ಲ, ಆದ್ರೂ ಆರಿಸೋಕೆ ಮನಸ್ಸಾಗಿರಲ್ಲ."

ಇದನ್ನು ಹೇಳುವ ಅಗತ್ಯ ತನಿಖೆಗೆ ಇರಲಿಲ್ಲ. ತಿರ್ಜಾ ಹೇಳಿದಳು.

ಡಲ್ಸಿಯನ್ನು ಕರೆದೊಯ್ಯುವಾಗ ಅವಳು ಬಾಗಿಲಲ್ಲಿ ನಿಂತು ನೈಜೆಲ್‌ನ ಕಡೆ ತಿರುಗಿದಳು. ಅಮ್ಮನ ಬಗ್ಗೆ ಏನಾದರೂ ಹೇಳುತ್ತಾಳೆ ಎಂದುಕೊಂಡೆವು. "ನಾಳೆ ಬೆಳಿಗ್ಗೆ ನನ್ನ ಜಾಗದಲ್ಲಿ ಯಾರು ಕೂರ್ತಾರೆ?" ಎಂದಳು. ನೈಜೆಲ್ ಆಗಲೇ ಅದನ್ನು ಯೋಚಿಸುತ್ತಿದ್ದನೆಂದು ಅವನ ಮುಖ ಹೇಳುತ್ತಿತ್ತು.

ಜನ ಹೊರಗೆ ಹೋದ ಮೇಲೆ ಮರ್ವ್ ಮೆಟ್ಟಿಲ ಮೇಲೆ ಕೂತ. ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ, ಬೇರೆಯವರ ವಸ್ತು ನೋಡುವ ಹಾಗೆ ನೋಡಿದ. "ಬಿಗಿ ಮಾಡಿದ್ದೆ," ಎಂದ. "ಮಾಡೇ ಇದ್ದೆ." ತಿರ್ಜಾಳ ಕಡೆ ತಿರುಗಿ ಕೇಳಿದ: "ಅಮ್ಮಾವ್ರೇ, ಮಂಗಳವಾರ ನಿಮ್ಮ ಹಿತ್ತಲಿಗೆ ಬಂದ್ನಲ್ಲ, ಅವತ್ತು ನೀವು ನನ್ನ ನಂಬಿದ್ರಾ?"

ತಿರ್ಜಾ ಅವನನ್ನು ನೇರವಾಗಿ ನೋಡಿದಳು. "ಇಲ್ಲ."

"ಒಂಚೂರೂ?"

"ಇಲ್ಲ ಮರ್ವ್. ನೀನೇ ಮರೆತಿರ್ತೀಯ ಅಂದ್ಕೊಂಡೇ ಶುರುಮಾಡ್ದೆ."

ಅವನು ತಲೆಯಾಡಿಸಿದ. ಎದ್ದು, ಟೋಪಿ ಹಾಕಿಕೊಂಡು, ಇಳಿಜಾರಿನ ಕಡೆ ನಡೆದ.

"ಒಂದು ಸುಳ್ಳು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ನಾನು ಸಿಡುಕಿದೆ. "ಆ ಮನುಷ್ಯನಿಗೆ ಊರಲ್ಲಿ ಒಬ್ಬರಾದ್ರೂ ನಂಬಿದ್ರು ಅಂತ ಆಗ್ತಿತ್ತು."

"ಅದನ್ನ ಹೇಳೋಕೆ ಜನ ಸಾಲಾಗಿ ಬರ್ತಾರೆ. ನೋಡ್ತಿರಿ, ಮೇಷ್ಟ್ರೇ."

ಬಂದರು. ಮಾರನೇ ಬೆಳಿಗ್ಗೆ ಮರ್ವ್‌ನ ಗ್ಯಾರೇಜಿನ ಮುಂದೆ ಕಾರುಗಳ ಸಾಲು ಬೇಕರಿಯ ತಿರುವಿನವರೆಗೂ ಇತ್ತು. ಹಗ್ಗ ಕಟ್ಟಿ ಎಳೆದುಕೊಂಡು ಹೋಗಿದ್ದ ಕಾರುಗಳು ಅದೇ ಹಗ್ಗದಲ್ಲಿ ವಾಪಸ್ಸು ಬಂದಿದ್ದವು. ಕೆಲವರು ಕೇಕು ತಂದಿದ್ದರು. ಒಬ್ಬ ಕಿಟಕಿಯ ಗಾಜನ್ನೇ ತಂದಿದ್ದ, ಅಳತೆ ಅವನಿಗೆ ಹೇಗೆ ಗೊತ್ತಿತ್ತೆಂದು ಯಾರೂ ಕೇಳಲಿಲ್ಲ. ಒಬ್ಬೊಬ್ಬರೇ ಇಳಿದು ಗೇಟಿನ ಹತ್ತಿರ ಬಂದು, "ನಾವು ಮೊದಲಿಂದ್ಲೂ ಆ ಮಾತು ನಂಬಿರ್ಲಿಲ್ಲ ಮರ್ವ್, ನಿನ್ನ ಬಗ್ಗೆ ನಮಗೆ ಗೊತ್ತಿಲ್ವಾ?" ಎಂದರು. ಕೊನೆಯವನವರೆಗೂ ಎಲ್ಲರೂ ಅದನ್ನೇ ಹೇಳಿದರು.

ಮರ್ವ್ ಗೇಟಿಗೆ ಒರಗಿ ಎಲ್ಲರ ಮಾತನ್ನೂ ತಾಳ್ಮೆಯಿಂದ ಕೇಳಿದ. ಆಮೇಲೆ ಒಳಗೆ ಹೋಗಿ ಚಿಲಕ ಹಾಕಿಕೊಂಡ. ಆ ಗ್ಯಾರೇಜು ಮತ್ತೆ ತೆರೆಯಲಿಲ್ಲ.